ಗಿರಿಜತ್ತೆ ತಿಕ್ಕಿದ ಬಾಗಿಲು

ಗಿರಿಜತ್ತೆ ತಮ್ಮ ತಪ್ಪಿಗೆ ತಾವೇ ದಂಡ ಹಾಕಿಕೊಳ್ಳುತ್ತಿದ್ದರು. ದುಡ್ಡಿನ ದಂಡವಲ್ಲ, ನಾಲಿಗೆಯದೋ ಕಾಲಿನದೋ ದಂಡ. ಪಕ್ಕದ ಮನೆಯವರು ಕಾಯಿಸಿಡಿ ಎಂದು ಕೊಟ್ಟುಹೋದ ಹಾಲು ಇವರ ಒಲೆಯ ಮೇಲೆ ಉಕ್ಕಿ ಹೋಯಿತೆಂದು ಒಂದು ವಾರ ಕಾಫಿ ಬಿಟ್ಟಿದ್ದರು. ಬೆಳಗಾದರೆ ಬೀದಿಯ ಪ್ರತಿ ಮನೆಯಿಂದಲೂ ಕಾಫಿಯ ಘಮ ಬರುವ ಊರಿನಲ್ಲಿ ಬಿಸಿನೀರು ಕುಡಿದುಕೊಂಡು ಜಗಲಿಯ ಮೇಲೆ ಕೂತಿರುತ್ತಿದ್ದರು. ನನ್ನ ಮಗಳ ಶಾಲೆಯ ಲಂಗ ಇಸ್ತ್ರಿ ಮಾಡಲು ಹೋಗಿ ಸುಟ್ಟಾಗ ಮೊಸರು ಬಿಟ್ಟರು. ಮೊಸರಿಲ್ಲದೆ ಅವರಿಗೆ ಊಟ ಇಳಿಯುತ್ತಿರಲಿಲ್ಲ, ಅದಕ್ಕೇ ಬಿಟ್ಟರು. ಬೀದಿಯ ಹೆಂಗಸರಿಗೆ ಇದೊಂದು ತಮಾಷೆ. ಅತ್ತೆ ಸಪ್ಪಗೆ ಕಂಡರೆ ಸಾಕು, "ಗಿರಿಜಮ್ಮ, ಈ ಸಲ ಎಂತ ಬಿಟ್ಟಿದೀರಿ?" ಎನ್ನುತ್ತಿದ್ದರು. ಅತ್ತೆ ನಗದೆ ಉತ್ತರ ಕೊಡುತ್ತಿದ್ದರು. "ನಗ್ರಿ ನಗ್ರಿ. ತಪ್ಪು ಮಾಡಿದ್ಮೇಲೆ ಮೈಗೆ ಸ್ವಲ್ಪ ಗೊತ್ತಾಗ್ಬೇಕು. ಇಲ್ಲಾಂದ್ರೆ ಅದು ಮತ್ತೆ ಅದನ್ನೇ ಮಾಡ್ತದೆ."

ಅವರು ನನ್ನ ಅಪ್ಪನ ಕೊನೆಯ ತಂಗಿ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಒಂದೇ ಕಥೆ ಹೇಳುತ್ತಿದ್ದರು. ಒಂದು ಸಂಬಂಧ ಹೆಚ್ಚುಕಮ್ಮಿ ಗಟ್ಟಿಯಾಗಿ, ಗಂಡಿನ ಮನೆ ನೋಡಲು ನನ್ನ ಅಪ್ಪನ ಜೊತೆ ಅವರ ಅಕ್ಕ ಶಾರದತ್ತೆಯೂ ಹೋಗಿದ್ದರಂತೆ. ಬಂದವರೇ ಶಾರದತ್ತೆ ತಂಗಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, "ಗಿರೀ, ತೋಟ ಚೆನ್ನಾಗಿದೆ, ಗಂಡೂ ಪರವಾಗಿಲ್ಲ. ಆದ್ರೆ ಕಾಫಿ ಕೊಟ್ಟ ಲೋಟದ ಅಂಚು ಕಪ್ಪಗಿತ್ತು ಕಣೇ" ಎಂದರಂತೆ. ಅಷ್ಟೇ. ಸಂಬಂಧ ಅಲ್ಲಿಗೆ ಮುಗಿಯಿತು. "ಶಾರದಕ್ಕನ ಕಣ್ಣು ಅಂದ್ರೆ ನನ್ನ ಕಣ್ಣೇ. ಇನ್ನೆಂತ ನೋಡದಿದೆ?" ಎಂದು ಅತ್ತೆ ಕಥೆ ಮುಗಿಸುತ್ತಿದ್ದರು. ಶಾರದತ್ತೆ ಅಷ್ಟರಲ್ಲಾಗಲೇ ಕಳಸಕ್ಕೆ ಮದುವೆಯಾಗಿ ಹೋಗಿದ್ದರು. ಗಿರಿಜತ್ತೆ ಗೋಣಿಬೀಡಿನಲ್ಲೇ ಉಳಿದು ಬಟ್ಟೆ ಹೊಲಿದರು, ಅಪ್ಪನ ಕಾಲದ ನಂತರ ನಮ್ಮ ಮನೆಯ ಹಿರಿಯರಾದರು.

ಅವರ ಇನ್ನೊಂದು ಹುಚ್ಚು ಪಾತ್ರೆ ಬೆಳಗುವುದು. ಬೆಳಿಗ್ಗೆ ಪೂಜೆಗೆ ಮೊದಲು ಹಿತ್ತಾಳೆ ಚೊಂಬು, ದೀಪ, ಗಂಟೆ ಎಲ್ಲವನ್ನೂ ಹುಣಸೆಹಣ್ಣು, ಉಪ್ಪು, ಇಟ್ಟಿಗೆ ಪುಡಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಬೇಕು. ಮುಗಿದ ಮೇಲೆ ಚೊಂಬನ್ನು ಬೆಳಕಿಗೆ ಹಿಡಿದು ಅದರಲ್ಲಿ ಮುಖ ನೋಡಿಕೊಂಡು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಮನೆಯಲ್ಲಿ ಕನ್ನಡಿ ಇಲ್ಲದೆ ಅಲ್ಲ. ಚೊಂಬಿನಲ್ಲಿ ವಿಭೂತಿಯ ಮೂರು ಗೆರೆ ಬೇರೆ ಬೇರೆಯಾಗಿ ಕಂಡರೆ ಮಾತ್ರ ಅವರ ಲೆಕ್ಕದಲ್ಲಿ ಅದು ಚೊಕ್ಕ.

ನಾನು ಗೋಣಿಬೀಡಿನಲ್ಲಿ ಮನೆಯ ಪಕ್ಕದಲ್ಲೇ ಸ್ಪ್ರೇಯರ್ ಅಂಗಡಿ ಇಟ್ಟಿದ್ದೇನೆ. ಕಾಫಿ ಗಿಡಕ್ಕೆ ಔಷಧಿ ಹೊಡೆಯುವ ಪಂಪು, ಪೈಪು, ಮೈಲುತುತ್ತ, ಸುಣ್ಣ ಎಲ್ಲ ಸಿಗುತ್ತದೆ. ಬಹಳ ಆಸೆಪಟ್ಟು ಕಡುಗೆಂಪು ಬಣ್ಣದ ಕಾರೊಂದನ್ನು ಕೊಂಡಿದ್ದೆ. ಹೆಸರಿಗೆ ಅಂಗಡಿಯ ಕೆಲಸಕ್ಕೆ, ನಿಜಕ್ಕೂ ನನ್ನ ಖುಷಿಗೆ. ದಿನಾ ಸಂಜೆ ಒರೆಸುತ್ತಿದ್ದೆ. ನನ್ನ ಹೆಂಡತಿ ಲತಾ, "ಹೆಂಡ್ತಿ ಕಾಲು ನೋವು ಅಂದ್ರೆ ಇಷ್ಟು ನೀವಿದ್ದು ನಾನು ನೋಡಿಲ್ಲಪ್ಪ" ಎಂದು ಚುಚ್ಚುತ್ತಿದ್ದಳು. ಆ ಕಾರಿನಿಂದ ನಿಜವಾದ ಉಪಕಾರ ಆಗಿದ್ದು ಗಿರಿಜತ್ತೆಗೆ. ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ಶಾರದತ್ತೆಯನ್ನು ನೋಡಲು ತಿಂಗಳಿಗೊಮ್ಮೆ ಅವರನ್ನು ಕಳಸಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಅತ್ತೆಗೆ ಘಟ್ಟದ ತಿರುವುಗಳು ಆಗಿಬರುವುದಿಲ್ಲ. ಬಸ್ಸಿನಲ್ಲಿ ಕೂತರೆ ಮೂಡಿಗೆರೆ ದಾಟುವಷ್ಟರಲ್ಲಿ ಹೊಟ್ಟೆ ತೊಳಸುತ್ತದೆ. ಕಾರಿನ ಹಿಂದಿನ ಸೀಟಿನಲ್ಲೂ ಅದೇ ಪಾಡು. ಮುಂದಿನ ಎಡಗಡೆ ಸೀಟಿನಲ್ಲಿ ಕಿಟಕಿ ಇಳಿಸಿ, ಕಣ್ಣು ರಸ್ತೆಯ ಮೇಲಿಟ್ಟು ಕೂತರೆ ಮಾತ್ರ ಏನೂ ಆಗುತ್ತಿರಲಿಲ್ಲ. ಆ ಸೀಟಿಗೆ ನಮ್ಮ ಮನೆಯಲ್ಲಿ ಅತ್ತೆಯ ಸೀಟು ಎಂದೇ ಹೆಸರಾಗಿತ್ತು.

ಮಳೆಗಾಲಕ್ಕೆ ಮುಂಚೆ ಕಾಫಿಗೆ ಬೋರ್ಡೋ ಹೊಡೆಯುತ್ತಾರೆ. ಮೈಲುತುತ್ತ, ಸುಣ್ಣ ಕಲಸಿದ ನೀಲಿ ದ್ರಾವಣ ಅದು. ಆ ವರ್ಷ ಗಿರಾಕಿಯೊಬ್ಬರ ತೋಟದಲ್ಲಿ ಹೊಸ ಪಂಪು ಓಡಿಸಿ ತೋರಿಸುವಾಗ ಪೈಪಿನ ಜಾಯಿಂಟ್ ಕಿತ್ತು, ನನ್ನ ಕಾರಿನ ಎಡಗಡೆಯ ಮುಂದಿನ ಬಾಗಿಲಿಗೆ ಬೋರ್ಡೋ ಚಿಮ್ಮಿತು. ಹೇಗೂ ಮಳೆ ಬರುತ್ತದೆ, ತೊಳೆದು ಹೋಗುತ್ತದೆ ಎಂದು ಸುಮ್ಮನಾದೆ. ಮಳೆ ಬರಲಿಲ್ಲ. ಬಿಸಿಲಿಗೆ ಅದು ಒಣಗಿ ಬಾಗಿಲಿನ ತುಂಬ ನೀಲಿ ಸಿಡುಬಿನಂತೆ ಕೂತುಬಿಟ್ಟಿತು. ಒರೆಸಿದೆ, ಸೋಪು ಹಾಕಿದೆ, ಹೋಗಲಿಲ್ಲ. ಅತ್ತೆ ಜಗಲಿಯಿಂದ ನೋಡುತ್ತಿದ್ದರು.

"ಶಿವೂ, ಸುಣ್ಣದ ಕಲೆ ಸೋಪಿಗೆ ಹೋಗ್ತದೇನೋ? ಸುಣ್ಣಕ್ಕೆ ಹುಳಿಯೇ ಆಗ್ಬೇಕು."

ಹೌದು, ಇರಬಹುದು ಎಂದು ಅಂಗಡಿಗೆ ಹೋದೆ. ಮಧ್ಯಾಹ್ನ ಊಟಕ್ಕೆ ಬರುವಷ್ಟರಲ್ಲಿ ಅತ್ತೆ ಸೆರಗು ಸಿಕ್ಕಿಸಿಕೊಂಡು, ಮಣೆ ಹಾಕಿಕೊಂಡು ಕಾರಿನ ಬಾಗಿಲ ಮುಂದೆ ಕೂತಿದ್ದರು. ಪಕ್ಕದಲ್ಲಿ ಹುಣಸೆಹಣ್ಣಿನ ಬಟ್ಟಲು, ಉಪ್ಪು, ಇಟ್ಟಿಗೆ ಪುಡಿ, ತೆಂಗಿನ ನಾರು. ಮೈಯೆಲ್ಲ ಬೆವರು. ಮುಖದಲ್ಲಿ ಗೆದ್ದ ಕಳೆ.

"ಬಾ ನೋಡು. ಒಂದು ಚುಕ್ಕೆ ಉಳಿದಿದ್ರೆ ತೋರ್ಸು."

ಒಂದು ಚುಕ್ಕೆಯೂ ಉಳಿದಿರಲಿಲ್ಲ. ಹೊಳಪೂ ಉಳಿದಿರಲಿಲ್ಲ. ಬಾಗಿಲು ಬೂದಿ ಬಡಿದಂತೆ ಮಂಕಾಗಿ, ಮೇಲಿಂದ ಕೆಳಗಿನವರೆಗೆ ಉಂಗುರ ಉಂಗುರವಾಗಿ ಗೀರು ಬಿದ್ದಿತ್ತು. ಅತ್ತೆ ಹೊಸ ನೀರು ಹೊಯ್ದರು. ನೀರು ಇರುವಷ್ಟು ಹೊತ್ತು ಕೆಂಪಗೆ ಮಿನುಗಿ, ನೀರು ಇಳಿದ ಕೂಡಲೇ ಮತ್ತೆ ಮಂಕಾಯಿತು. ಅವರು ಬಾಗಿ ಅದರಲ್ಲಿ ಮುಖ ಹುಡುಕಿದರು. ಮತ್ತೆ ನೀರು ಹೊಯ್ದರು, ಮತ್ತೆ ಬಾಗಿದರು. ಆಮೇಲೆ ನನ್ನ ಮುಖ ನೋಡಿದರು.

ನಾನು ಒಂದು ಮಾತೂ ಬೈಯಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಬಹಳ ಕಾಲ ನನಗೆ ಇದೇ ಸಮಾಧಾನವಾಗಿತ್ತು. "ಬಿಡಿ ಅತ್ತೆ, ಒಂದು ಬಾಗಿಲು ತಾನೇ" ಎಂದೆ. ನಕ್ಕೆ ಕೂಡ.

"ನಿನ್ನ ಬಾಯಿ ಹಾಗೆ ಹೇಳ್ತದೆ ಮಾರಾಯ. ಮುಖ ಹೇಳಲ್ಲ" ಎಂದರು ಅತ್ತೆ. ಊಟ ಮಾಡಲಿಲ್ಲ. ಸಂಜೆ ದೀಪ ಹಚ್ಚಿ ಬಂದು ದಂಡ ಸಾರಿದರು. "ಆ ಬಾಗಿಲು ಮೊದಲಿನ ಹಂಗೆ ಆಗೋವರೆಗೂ ನಾನು ನಿನ್ನ ಕಾರು ಹತ್ತಲ್ಲ."

"ಕಳಸಕ್ಕೆ?"

"ಬಸ್ಸಿದೆ."

ಮೂಡಿಗೆರೆಯ ಪೇಂಟರ್ ಒಬ್ಬರಿಗೆ ತೋರಿಸಿದೆ. ಬಣ್ಣದ ಮೇಲೆ ಗಾಜಿನ ಹಾಗೆ ಒಂದು ಪದರ ಇರುತ್ತದೆ, ಕ್ಲಿಯರ್ ಕೋಟ್ ಅಂತಾರೆ, ಅದನ್ನು ತಿಕ್ಕಿ ತೆಗೆದಿದ್ದಾರೆ ಎಂದರು. ಕಾರು ಬಿಟ್ಟುಹೋಗಿ, ಇಡೀ ಬಾಗಿಲಿಗೆ ಹೊಸದಾಗಿ ಹೊಡೆಯೋಣ ಎಂದರು. ಬೋರ್ಡೋ ಸೀಸನ್ನು, ಅಂಗಡಿಗೆ ಕಾರು ಬೇಕೇ ಬೇಕು. ಮನೆಯಲ್ಲೇ ಆಗುವುದಿಲ್ಲವೇ ಎಂದು ಕೇಳಿದ್ದಕ್ಕೆ, "ತಾಳ್ಮೆ ಇದ್ರೆ ಆಗ್ತದೆ" ಎಂದು ಹೇಳಿಕೊಟ್ಟರು. ಉಗುರು ಆಡಿಸಿ ನೋಡಬೇಕು. ಉಗುರು ಸಿಕ್ಕದ ಗೀರು ಮೇಲಿನದು, ನೆನೆಸಿ ಬಳಸುವ ನುಣುಪಾದ ಉಪ್ಪುಕಾಗದ, ನೀರುಕಾಗದ ಅಂತಾರೆ, ಅದರಲ್ಲಿ ಉಜ್ಜಿ ಪಾಲಿಶ್ ಮಾಡಿದರೆ ಹೋಗುತ್ತದೆ. ಉಗುರು ಸಿಕ್ಕಿದರೆ ಆಳ, ಅಲ್ಲಿ ಬಣ್ಣ ಮುಟ್ಟಿಸಿ, ಮೇಲೆ ಕ್ಲಿಯರ್ ಕೋಟನ್ನು ತೆಳ್ಳಗೆ ಹಲವು ಸಲ ಹೊಡೆಯಬೇಕು. ಗಾಳಿ ಒಣಗಿರಬೇಕು. ಒಣಗುವವರೆಗೂ ಯಾರೂ ಮುಟ್ಟಬಾರದು.

ಮನೆಗೆ ಬಂದು ಇದನ್ನೆಲ್ಲ ಅತ್ತೆಗೆ ಹೇಳಿದರೆ, "ಹಾಲಿನ ಕೆನೆ ಅನ್ನು. ಕೆನೆ ತೆಗೆದಿಟ್ಟಿದೀನಿ ನಾನು" ಎಂದು ಹಣೆ ಬಡಿದುಕೊಂಡರು. ಕೆಲಸದಲ್ಲಿ ತಾವೂ ಇರಬೇಕೆಂದು ಹಟ ಹಿಡಿದರು. ಕೆಡಿಸಿದ ಕೈಯೇ ಸರಿ ಮಾಡಬೇಕಂತೆ.

ಹೀಗಾಗಿ ಭಾನುವಾರಗಳಂದು ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ನಾವಿಬ್ಬರೂ ಬಾಗಿಲ ಮುಂದೆ ಕೂರತೊಡಗಿದೆವು. ಹೊರಗೆ ಮಳೆ ಹಿಡಿದಿತ್ತು. ನಾನು ನೀರುಕಾಗದವನ್ನು ಬಕೆಟ್ಟಿನಲ್ಲಿ ನೆನೆಸಿ, ನಾಲ್ಕು ಹನಿ ಶಾಂಪೂ ಹಾಕಿ, ಒಂದೇ ದಿಕ್ಕಿಗೆ ಉಜ್ಜುವುದನ್ನು ತೋರಿಸಿಕೊಟ್ಟೆ. ಅತ್ತೆಯ ಕೈಗೆ ಮೆಲ್ಲಗೆ ಎಂಬುದು ಗೊತ್ತಿರಲಿಲ್ಲ.

"ಅತ್ತೆ, ಮೆತ್ತಗೆ. ಮಗುವಿನ ಕೆನ್ನೆ ಒರೆಸಿದ ಹಾಗೆ."

"ಮಗುವಿನ ಕೆನ್ನೆನೂ ನಾನು ಹಿಂಗೇ ಒರೆಸಿದ್ದು. ನಿನ್ನ ಕೆನ್ನೆ ಕೇಳ್ಕೋ."

ಕೇಳಿಕೊಂಡೆ. ನಿಜ. ಶಾಲೆಗೆ ಹೊರಡುವ ಮುಂಚೆ ಅತ್ತೆ ಮುಖ ತೊಳೆಸಿದರೆ ಮೊದಲ ಪಾಠ ಮುಗಿಯುವ ತನಕ ಉರಿಯುತ್ತಿತ್ತು.

ಉಜ್ಜುವಾಗ ಹಾಲಿನಂಥ ಬಿಳಿ ನೀರು ಇಳಿದರೆ ಸರಿ, ಬಣ್ಣ ಇಳಿದರೆ ನಿಲ್ಲಿಸಬೇಕು ಎಂದು ಪೇಂಟರ್ ಹೇಳಿದ್ದರು. ಹಿಡಿಕೆಯ ಹತ್ತಿರ ಅತ್ತೆ ಉಜ್ಜುತ್ತಿದ್ದಲ್ಲಿ ಒಂದು ಸಲ ತೆಳ್ಳಗೆ ಕೆಂಪು ನೀರು ಇಳಿಯಿತು. "ಅಯ್ಯೋ ಶಿವನೇ, ರಕ್ತ ಬಂತಲ್ಲೋ!" ಎಂದು ಕಾಗದ ಬಿಸಾಡಿ ಎದ್ದುನಿಂತರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರಿಗೆ ನಗು ಬರಲಿಲ್ಲ. ಅವತ್ತಿನಿಂದ ಅವರು ಬರೀ ಬಕೆಟ್ಟಿನ ನೀರು ಬದಲಾಯಿಸುವ ಕೆಲಸ ಮಾಡಿದರು, ಎಷ್ಟು ಕರೆದರೂ ಕಾಗದ ಮುಟ್ಟಲಿಲ್ಲ.

ಸಣ್ಣ ಗೀರುಗಳು ಹೋದವು. ಆಳದ ಗೀರಿಗೆ ಬಣ್ಣ ಮುಟ್ಟಿಸಿದೆ. ಇನ್ನು ಕ್ಲಿಯರ್ ಕೋಟ್ ಮಾತ್ರ ಬಾಕಿ. ಅದಕ್ಕೆ ಒಣ ಗಾಳಿ ಬೇಕು, ನಮ್ಮಲ್ಲಿ ಆಗ ಗೋಡೆಯೇ ಬೆವರುವ ಕಾಲ. ಕಾಯುವುದಕ್ಕೆ ಮನಸ್ಸಾಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಅತ್ತೆ ಬಸ್ಸಿನಲ್ಲಿ ಕಳಸಕ್ಕೆ ಹೋಗಿಬರಲು ಶುರು ಮಾಡಿದ್ದರು. ಬೆಳಿಗ್ಗೆ ನಿಂಬೆಹಣ್ಣು, ಪ್ಲಾಸ್ಟಿಕ್ ಕವರು ಹಿಡಿದುಕೊಂಡು ಖಾಲಿ ಹೊಟ್ಟೆಯಲ್ಲಿ ಹೊರಡುವರು. ಮೂಡಿಗೆರೆಯಲ್ಲಿ ಬಸ್ಸು ಬದಲಾಯಿಸಿ, ಕೊಟ್ಟಿಗೆಹಾರ ದಾಟಿ, ಅಕ್ಕನ ಹತ್ತಿರ ಸ್ವಲ್ಪ ಹೊತ್ತು ಕೂತು, ಕತ್ತಲಾಗುವಷ್ಟರಲ್ಲಿ ಮನೆ ಸೇರುವರು. ಬರುವಾಗ ಮುಖ ಹಿಂಡಿದ ಬಟ್ಟೆಯ ಹಾಗಿರುತ್ತಿತ್ತು. "ಶಾರದಕ್ಕ ಗಂಜಿ ಕುಡಿದ್ಲು. ನಿನ್ನ ಕೇಳಿದ್ಲು" ಎಂದಿಷ್ಟು ಹೇಳಿ ಮಲಗಿಬಿಡುವರು. ಅಂಗಡಿಗೆ ಬಂದವರು, "ಶಿವಣ್ಣ, ನಿಮ್ಮ ಅತ್ತೆ ಬಸ್‌ಸ್ಟ್ಯಾಂಡಲ್ಲಿ ಕೂತಿದ್ರಲ್ಲ, ಕಾರು ರಿಪೇರಿಯಾ?" ಎನ್ನುತ್ತಿದ್ದರು. ನನಗೆ ತಲೆ ಎತ್ತಲಾಗುತ್ತಿರಲಿಲ್ಲ. ಒಂದು ಸಲ ಬಸ್‌ಸ್ಟ್ಯಾಂಡಿಗೇ ಕಾರು ತಂದು ಬಾಗಿಲು ತೆಗೆದು ನಿಂತೆ. ಎಲ್ಲರೆದುರು, "ಹೋಗೋ, ಅಂಗಡಿ ನೋಡ್ಕ ಹೋಗು" ಎಂದು ಕಳಿಸಿದರು.

ಹೀಗಾಗಿ ಮಳೆಯ ನಡುವೆಯೇ ಕ್ಲಿಯರ್ ಕೋಟ್ ಹೊಡೆದೆ. ಹೊಡೆಯುವಾಗ ಹೊಳೆಯಿತು. ನೋಡುತ್ತಿದ್ದಂತೆ ಅನ್ನದ ಪಾತ್ರೆಯ ಮುಚ್ಚಳಕ್ಕೆ ಹಬೆ ಹಿಡಿದ ಹಾಗೆ ಬೆಳ್ಳಗಾಗುತ್ತಾ ಹೋಯಿತು. ಗಾಳಿಯ ತೇವ ಒಳಗೆ ಸಿಕ್ಕಿಕೊಂಡರೆ ಹೀಗಾಗುತ್ತದಂತೆ, ಪೇಂಟರ್ ಫೋನಿನಲ್ಲಿ ಬೈದರು. ನಾನು ಫೋನಿಟ್ಟು ತಿರುಗಿದರೆ ಅತ್ತೆ ಕೆಂಡ ತುಂಬಿದ ಅಗ್ಗಿಷ್ಟಿಕೆ ಎತ್ತಿಕೊಂಡು ಶೆಡ್ಡಿನ ಕಡೆಗೆ ಬರುತ್ತಿದ್ದಾರೆ.

"ಅಲ್ಲೇ ನಿಲ್ಲಿ! ಅದು ಪೆಟ್ರೋಲ್ ಇದ್ದ ಹಾಗೆ ಅತ್ತೆ, ಕಾರಿನ ಜೊತೆ ನಾವೂ ಬೂದಿ!"

"ಒಣಗ್ಲಿ ಅಂತ ಕಣೋ" ಎಂದು ಅಳುವ ಧ್ವನಿಯಲ್ಲಿ ಹೇಳಿ ವಾಪಸ್ ಹೋದರು. ಅಷ್ಟು ಬೆಂಕಿಯನ್ನು ಹೊತ್ತುಕೊಂಡು ಮಳೆಯಲ್ಲಿ ನಡೆದುಹೋದ ಅವರ ಬೆನ್ನು ನೋಡಿ ಲತಾಗೂ ನನಗೂ ನಗು ತಡೆಯಲಾಗಲಿಲ್ಲ. ಆಮೇಲೆ ಲತಾ ನಗು ನಿಲ್ಲಿಸಿ, "ರೀ, ಇದು ಬೇಗ ಮುಗೀಲಿ. ಅವ್ರಿಗೆ ಇಷ್ಟು ಓಡಾಟ ಆಗಲ್ಲ" ಎಂದಳು.

ಬೆಳ್ಳಗಾದದ್ದನ್ನೆಲ್ಲ ಮತ್ತೆ ಉಜ್ಜಿ ತೆಗೆದು, ಮಳೆ ಬಿಡುವು ಕೊಡುವುದನ್ನೇ ಕಾದೆ. ಗಣಪತಿ ಹಬ್ಬ ಕಳೆದ ಮೇಲೆ ಒಳ್ಳೆಯ ಬಿಸಿಲು ಬಂತು. ಕಾರನ್ನು ಅಂಗಳಕ್ಕೆ ತಂದು, ಕಿಟಕಿಗೆಲ್ಲ ಪೇಪರ್ ಅಂಟಿಸಿ, ತೆಳ್ಳಗೆ, ಬಿಟ್ಟು ಬಿಟ್ಟು, ಹಿಡಿಕೆಯನ್ನೂ ಬಿಡದಂತೆ ಹೊಡೆದೆ. ಈ ಸಲ ಬೆಳ್ಳಗಾಗಲಿಲ್ಲ. ಕೊನೆಯ ಕೋಟ್ ಆಗಿ ಪೇಪರ್ ಬಿಚ್ಚಿದಾಗ ಬಾಗಿಲಿನಲ್ಲಿ ಆಕಾಶ, ಅಂಗಡಿಯ ಬೋರ್ಡು, ನನ್ನ ಮೂಗು ಎಲ್ಲ ಕಾಣುತ್ತಿತ್ತು. ಅತ್ತೆಯನ್ನು ಕೂಗಿದೆ. ಅವರು ದೂರದಿಂದಲೇ ಬಗ್ಗಿ ನೋಡಿದರು. ವಿಭೂತಿಯ ಮೂರು ಗೆರೆಯೂ ಕಂಡಿರಬೇಕು, ಏಕೆಂದರೆ ಮೇ ತಿಂಗಳಿನಿಂದ ನೋಡದ ನಗು ಅವತ್ತು ನೋಡಿದೆ.

"ನಾಳೆ ಬೆಳಿಗ್ಗೆ ಹೊತ್ತಿಗೆ ಗಟ್ಟಿಯಾಗುತ್ತೆ ಅತ್ತೆ. ಈ ಭಾನುವಾರ ಕಳಸಕ್ಕೆ ನಿಮ್ಮ ಸೀಟಿನಲ್ಲೇ."

"ಶಾರದಕ್ಕಂಗೆ ಹೇಳ್ಬೇಕು" ಎಂದು ಒಳಗೆ ಹೋದರು. ಅಕ್ಕನಿಗೆ ಕೊಡಲು ರವೆ ಉಂಡೆ ಮಾಡಲು ಅಡುಗೆಮನೆ ಸೇರಿದರು.

ಸ್ವಲ್ಪ ಹೊತ್ತಿಗೆ ಶಾರದತ್ತೆಯ ಮಗ ಪ್ರಕಾಶ ಕಳಸದಿಂದ ಫೋನ್ ಮಾಡಿದ. "ಅಮ್ಮನಿಗೆ ಉಸಿರು ಒಂಥರಾ ಆಗ್ತಿದೆ. ಡಾಕ್ಟ್ರು ಬಂದು ನೋಡಿ, ಬೇಕಾದವ್ರನ್ನ ಕರೆಸ್ಕಳ್ಳಿ ಅಂದ್ರು. ಅಮ್ಮ ಗಿರಿ ಎಲ್ಲಿ, ಗಿರಿ ಎಲ್ಲಿ ಅಂತಿದಾರೆ."

ನಾನು ಬೀಗದ ಕೈ ತೆಗೆದುಕೊಂಡು ಅಂಗಳಕ್ಕೆ ಬಂದೆ. ದಂಡ, ಬಸ್ಸು ಯಾವುದರ ಮಾತೂ ಇರಲಿಲ್ಲ. ಅತ್ತೆ ರವೆ ಮೆತ್ತಿದ ಕೈಯನ್ನು ಹಾಗೇ ತೊಳೆದುಕೊಂಡು, ಚೀಲ ಹಿಡಿದು ಓಡಿಬಂದರು. ನೇರವಾಗಿ ತಮ್ಮ ಸೀಟಿನ ಬಾಗಿಲಿಗೆ ಕೈ ಹಾಕಲು ಹೋದರು.

"ಅತ್ತೆ, ಮುಟ್ಬೇಡಿ!"

ಎಷ್ಟು ಜೋರಾಗಿ ಕೂಗಿದೆನೆಂದರೆ ಎದುರು ಅಂಗಡಿಯವರು ಹೊರಗೆ ಬಂದು ನೋಡಿದರು. ಅತ್ತೆಯ ಕೈ ಗಾಳಿಯಲ್ಲೇ ನಿಂತಿತು. ಯೋಚಿಸಿ ಕೂಗಿದ್ದಲ್ಲ ಅದು. ನನ್ನೊಳಗೆ ಅಷ್ಟು ತಿಂಗಳು ಬಾಯಿ ಮುಚ್ಚಿಕೊಂಡು ಕೂತಿದ್ದ ಯಾವನೋ ಕೂಗಿದ. ಕೂಡಲೇ, "ಇಲ್ಲ ಇಲ್ಲ, ತೆಗೀರಿ, ಪರವಾಗಿಲ್ಲ" ಎನ್ನಬಹುದಿತ್ತು. ಅನ್ನಲಿಲ್ಲ. ಅವರೇ ಕೈ ಹಿಂದೆ ತೆಗೆದುಕೊಂಡು, "ಹೌದಲ್ಲ, ಹಸಿ ಇದೆ. ಹಿಂದೆ ಕೂತ್ಕತೀನಿ ಬಿಡು" ಎಂದು ಹಿಂದಿನ ಬಾಗಿಲು ತೆಗೆದು ಕೂತರು. ಹೇಳಲು ನಾಚಿಕೆಯಾಗುತ್ತದೆ, ಆ ಗಳಿಗೆಯಲ್ಲಿ ನನಗೆ ಆಗಿದ್ದು ಸಮಾಧಾನ. ಸದ್ಯ, ಬಾಗಿಲು ಉಳಿಯಿತು ಎಂದು.

ಮೂಡಿಗೆರೆಯ ತನಕ ಅವರು ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ಕವರು ತೆಗೆದರು. ನಿಂಬೆಹಣ್ಣು ತರುವುದು ಗಡಿಬಿಡಿಯಲ್ಲಿ ಮರೆತಿತ್ತು. ಕೊಟ್ಟಿಗೆಹಾರದಲ್ಲಿ ಬಾಯಿ ತೊಳೆಯಲೆಂದು ಒಂದು ಹೋಟೆಲಿನ ಮುಂದೆ ನಿಲ್ಲಿಸಿದೆ. ಅವರು ಕಾರಿನ ಹಿಂಭಾಗಕ್ಕೆ ಒರಗಿ ನಿಂತುಕೊಂಡು, ಬಹಳ ಸಣ್ಣ ಧ್ವನಿಯಲ್ಲಿ ಕೇಳಿದರು. "ಶಿವೂ, ಈಗ ಮುಂದೆ ಕೂರ್ಬಹುದೇನೋ?"

ನಾನು ಬಗ್ಗಿ ಬಾಗಿಲಿನ ಕೆಳಗಿನ ಅಂಚಿಗೆ, ಯಾರಿಗೂ ಕಾಣದ ಜಾಗದಲ್ಲಿ, ಬೆರಳ ತುದಿ ಮುಟ್ಟಿಸಿ ನೋಡಿದೆ. ಅಲ್ಲಿ ಮಂಜು ಇಳಿದಿತ್ತು.

"ಇನ್ನೂ ಅಂಟ್ತಿದೆ ಅತ್ತೆ" ಎಂದೆ.

ಸುಳ್ಳಲ್ಲ, ಅಂಟುತ್ತಿತ್ತು. ನನ್ನ ಕಡೆಯ ಬಾಗಿಲಿನಿಂದ ಹತ್ತಿಸಿ, ಗೇರಿನ ಆಚೆ ಕಾಲು ಹಾಕಿಸಿ ಕೂರಿಸಬಹುದಿತ್ತು. ಹೊಳೆಯಲೇ ಇಲ್ಲವೇ, ಹೊಳೆದರೂ ತಡವಾಗುತ್ತದೆ ಎಂದು ಬಿಟ್ಟೆನೇ, ಈಗ ಎಷ್ಟು ಯೋಚಿಸಿದರೂ ತಿಳಿಯುವುದಿಲ್ಲ. ಅತ್ತೆ "ಹಾಂ, ಸರಿ" ಎಂದು ಮತ್ತೆ ಹಿಂದೆಯೇ ಹತ್ತಿದರು. ಕೊಟ್ಟಿಗೆಹಾರದಿಂದ ಮುಂದಿನ ದಾರಿಯ ತಿರುವುಗಳನ್ನು ಬಲ್ಲವರೇ ಬಲ್ಲರು. ಕಳಸ ಮುಟ್ಟುವಷ್ಟರಲ್ಲಿ ಅವರ ಸೀರೆಯೆಲ್ಲ ಕೆಟ್ಟಿತ್ತು.

ಪ್ರಕಾಶ ಬಾಗಿಲಲ್ಲೇ ನಿಂತಿದ್ದ. "ಚಿಕ್ಕಮ್ಮ, ಹಾಗೇ ಬನ್ನಿ ಒಳಗೆ. ಅಮ್ಮ ಕೇಳ್ತಾನೇ ಇದಾರೆ."

ಅತ್ತೆ ತಮ್ಮ ಸೀರೆ ನೋಡಿಕೊಂಡರು. "ಈ ಗಲೀಜಲ್ಲಿ ಅಕ್ಕನ್ನ ಹೆಂಗೆ ಮುಟ್ಟಲೋ? ಎರಡು ಚೊಂಬು ನೀರು ಹಾಕ್ಕಂಡು ಬಂದೆ, ಬಂದೆ."

ಹುಟ್ಟಿದಾಗಿನಿಂದ ಹಾಗೆಯೇ ಇದ್ದವರು, ಅವತ್ತು ಮಾತ್ರ ಬೇರೆ ಥರ ಇರುತ್ತಾರೆಯೇ? ಅವರು ಬಚ್ಚಲಿಗೆ ಹೋದರು. ನಾನು ಶಾರದತ್ತೆಯ ಮಂಚದ ಪಕ್ಕ ಕೂತೆ. ಅವರು ಕಣ್ಣು ತೆರೆಯದೆ, "ಗಿರಿ ಬಂದ್ಲಾ?" ಎಂದರು.

"ಬಂದಿದಾರೆ ಅತ್ತೆ. ಸ್ನಾನ ಮಾಡ್ತಿದಾರೆ."

ಶಾರದತ್ತೆಯ ತುಟಿ ಸ್ವಲ್ಪ ಬಿರಿಯಿತು. ತಂಗಿಯ ಸ್ವಭಾವ ನೆನೆದು ನಕ್ಕರೆಂದೇ ನಾನು ತಿಳಿದಿದ್ದೇನೆ. ಬಚ್ಚಲಿನಲ್ಲಿ ನೀರು ಹೊಯ್ದುಕೊಳ್ಳುವ ಸದ್ದು ನಮ್ಮಿಬ್ಬರಿಗೂ ಕೇಳುತ್ತಿತ್ತು. ಆ ಸದ್ದು ನಿಲ್ಲುವ ಮೊದಲೇ ಶಾರದತ್ತೆಯ ಉಸಿರು ನಿಂತಿತು.

ಒದ್ದೆ ಕೂದಲಿನಲ್ಲಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಪ್ರಕಾಶನ ಹೆಂಡತಿಯ ಮಡಿಸೀರೆ ಉಟ್ಟು ಗಿರಿಜತ್ತೆ ಒಳಗೆ ಬಂದರು. ನಮ್ಮ ಮುಖ ನೋಡಿದರು. ಅವರು ಅತ್ತಿದ್ದನ್ನು ಬರೆಯಲಾರೆ.

ಮಣ್ಣು ಮಾಡಿ, ಮೂರನೇ ದಿನದ್ದು ಮುಗಿಸಿಕೊಂಡು ವಾಪಸ್ ಹೊರಟೆವು. ಬಾಗಿಲು ಕಲ್ಲಿನಂತೆ ಗಟ್ಟಿಯಾಗಿತ್ತು. ದಾರಿಯ ಒಂದಿಷ್ಟು ಧೂಳು ಕೂತಿತ್ತು, ಅಷ್ಟೇ. ನಾನು ಮುಂದೆ ಹೋಗಿ ಬಾಗಿಲು ತೆಗೆಯುವಷ್ಟರಲ್ಲಿ ಅತ್ತೆಯೇ ಬಂದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಸಿ ಪಾತ್ರೆ ಇಳಿಸುವವರ ಹಾಗೆ ಹಿಡಿಕೆ ಎಳೆದು, ತಮ್ಮ ಸೀಟಿನಲ್ಲಿ ಕೂತರು. ದಾರಿಯುದ್ದಕ್ಕೂ ಒಂದೇ ಮಾತು ಹೇಳುತ್ತಾ ಬಂದರು. "ನಾನು ಸ್ನಾನಕ್ಕೆ ಹೋಗ್ಬಾರ್ದಿತ್ತು ಕಣೋ. ತಪ್ಪು ನಂದೇ. ಹಾಗೇ ಹೋಗಿ ಕೂತಿದ್ರೆ ಶಾರದಕ್ಕ ಬೇಡ ಅಂತಿದ್ಲಾ?"

ಸ್ನಾನಕ್ಕೆ ಯಾಕೆ ಹೋಗಬೇಕಾಯಿತು, ಸೀರೆ ಯಾಕೆ ಕೆಟ್ಟಿತು, ಹಿಂದಿನ ಸೀಟಿನಲ್ಲಿ ಯಾಕೆ ಕೂತರು, ಇದನ್ನು ಒಂದೊಂದಾಗಿ ಹಿಂದಕ್ಕೆ ಹಿಡಿದುಕೊಂಡು ಹೋದರೆ ನಾನು ಸಿಗುತ್ತಿದ್ದೆ. ಅತ್ತೆ ಹಾಗೆ ಹೋಗಲಿಲ್ಲ. ಅವರಿಗೆ ತಪ್ಪು ಎಂದರೆ ಮೊದಲು ತಮ್ಮದು, ಅಲ್ಲಿಗೆ ಹುಡುಕಾಟ ಮುಗಿಯಿತು. ನಾನೂ, "ಹಾಗೆಲ್ಲ ಅನ್ಕೋಬೇಡಿ ಅತ್ತೆ" ಎಂಬ ಬೆಣ್ಣೆಮಾತು ಹೇಳುತ್ತಾ ಸ್ಟೇರಿಂಗ್ ತಿರುಗಿಸುತ್ತಿದ್ದೆ. ಅವರು ಹೊತ್ತುಕೊಂಡರು, ನಾನು ಹೊರಲು ಬಿಟ್ಟೆ.

ಅವತ್ತಿನಿಂದ ಅವರು ಕಾಫಿ ಬಿಡಲಿಲ್ಲ, ಮೊಸರು ಬಿಡಲಿಲ್ಲ. ಎಂತ ಬಿಟ್ಟಿದೀರಿ ಎಂದು ಬೀದಿಯವರೂ ಕೇಳಲಿಲ್ಲ. ನಾನು ಬಾಗಿಲಿನ ಧೂಳನ್ನು ಉಜ್ಜಿ, ಪಾಲಿಶ್ ಮಾಡಿ, ಮೇಣ ಹಚ್ಚಿದೆ. ಮೂಡಿಗೆರೆಯ ಪೇಂಟರ್ ನೋಡಿ, "ಮನೇಲಿ ಮಾಡಿದ್ದಾ ಇದು? ನನ್ನ ಹೊಟ್ಟೆ ಮೇಲೆ ಹೊಡೆತ ಬೀಳ್ತದಲ್ಲ ಮಾರಾಯ್ರೆ" ಎಂದು ಹೊಗಳಿದರು. ನನಗೆ ಆ ಬಾಗಿಲಿನ ಮೇಲೆ ಉಗಿಯಬೇಕೆನಿಸುತ್ತಿತ್ತು. ಅತ್ತೆ ಸಂತೆಗೆ, ಮದುವೆಗೆ, ಬ್ಯಾಂಕಿಗೆ ಎಲ್ಲಿಗೆ ಹೊರಟರೂ ಸೆರಗು ಸುತ್ತಿಕೊಂಡೇ ಬಾಗಿಲು ತೆಗೆಯುತ್ತಿದ್ದರು. ನಾನು ಓಡಿಹೋಗಿ ಮೊದಲೇ ತೆಗೆದು ನಿಲ್ಲತೊಡಗಿದೆ. "ನೀನೇನು ನನ್ನ ಡ್ರೈವರೇನೋ?" ಎಂದು ತಮಾಷೆ ಮಾಡುತ್ತಿದ್ದರು. ಲತಾ ಮಾತ್ರ ತಮಾಷೆ ಮಾಡಲಿಲ್ಲ. "ಅವ್ರ ಹತ್ರ ಹೇಳಿಬಿಡಿ. ಹೇಳದೆ ಇಬ್ರೂ ಸವೀತಿದೀರಿ" ಎಂದಳು. ನಾಳೆ, ನಾಡಿದ್ದು ಎಂದು ತಳ್ಳಿದೆ.

ಕಳೆದ ವರ್ಷ ಕಾಫಿ ಹೂವಿನ ಮಳೆ ಬಿದ್ದ ಮೇಲೆ ಅತ್ತೆಗೆ ಎದೆಯಲ್ಲಿ ಹಿಡಿದಂತಾಗಿ, ಚಿಕ್ಕಮಗಳೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಅಲ್ಲಿ ಸೇರಿದವರು ಮನೆಗೆ ಮರಳಲಿಲ್ಲ. ಐಸಿಯುವಿನೊಳಗೆ ನಮ್ಮನ್ನು ಹೆಚ್ಚು ಹೊತ್ತು ಬಿಡುತ್ತಿರಲಿಲ್ಲ, ಅವರಿಗೂ ಮಾತು ಬರುತ್ತಿರಲಿಲ್ಲ. ಹಾಗಾಗಿ ನಾವಿಬ್ಬರೂ ಕೊನೆಯದಾಗಿ ಮಾತಾಡಿದ್ದು ಹೊರಡುವ ದಿನ ಬೆಳಿಗ್ಗೆ, ಅಂಗಳದಲ್ಲಿ.

ಲತಾ ಒಳಗೆ ಬಟ್ಟೆ ಜೋಡಿಸುತ್ತಿದ್ದಳು. ಅತ್ತೆ ಒಂದು ಕೈಯಲ್ಲಿ ನನ್ನ ಭುಜ ಹಿಡಿದು ಮೆಲ್ಲಗೆ ನಡೆದು ಬಂದು ಕಾರಿನ ಹತ್ತಿರ ನಿಂತರು. ಇನ್ನು ತಡೆಯಲಾಗಲಿಲ್ಲ.

"ಅತ್ತೆ, ಅವತ್ತು ಕಳಸಕ್ಕೆ ಹೊರಟಾಗ ನಾನು ಮುಟ್ಬೇಡಿ ಅಂತ ಕೂಗ್ಬಾರ್ದಿತ್ತು. ಕೊಟ್ಟಿಗೆಹಾರದಲ್ಲಾದ್ರೂ ನಿಮ್ಮನ್ನ ಮುಂದೆ ಕೂರಿಸ್ಬೇಕಿತ್ತು. ಹಿಂದೆ ಕೂತಿದ್ದಕ್ಕೇ ಅಲ್ವಾ ನಿಮಗೆ ಹಾಗಾಗಿದ್ದು? ಸ್ನಾನಕ್ಕೆ ಹೋಗಿದ್ದು ನಿಮ್ಮ ತಪ್ಪಲ್ಲ. ನಂದು."

ಅವರು ನಕ್ಕು, ಭುಜದ ಮೇಲಿದ್ದ ಕೈಯಿಂದಲೇ ನನ್ನ ಕೆನ್ನೆ ಸವರಿದರು. ಅಷ್ಟು ಮೆತ್ತಗೆ ಅವರು ಯಾವತ್ತೂ ಸವರಿದ್ದಿಲ್ಲ.

"ಅಯ್ಯೋ ಮಾರಾಯ, ಇನ್ನೂ ಅದನ್ನೇ ಇಟ್ಕಂಡು ಕೂತಿದೀಯಾ? ಬಣ್ಣ ಹಸಿ ಇತ್ತು, ಮುಟ್ಬೇಡ ಅಂದೆ. ಅನ್ನದೆ ಇನ್ನೇನು ಮಾಡ್ತಿದ್ದೆ? ನಾನು ಅವತ್ತೇ ಮರ್ತೆ ಕಣೋ."

"ಹಾಗಾದ್ರೆ ಕೈಯಲ್ಲೇ ತೆಗೀರಿ ಅತ್ತೆ. ಒಣಗಿ ಎಷ್ಟು ಕಾಲ ಆಯ್ತು."

"ಹೂಂ" ಎಂದರು. ಸೆರಗಿನ ತುದಿ ಹುಡುಕಿ, ಬೆರಳಿಗೆ ಸುತ್ತಿಕೊಂಡು, ಬಾಗಿಲು ತೆಗೆದು ಕೂತರು.